ಕರೀಮುನ್ನಿಸಾ ಬರೆಯದ ಕೊನೆ

ಕರೀಮುನ್ನಿಸಾಳಿಗೆ ಸಿಟ್ಟು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು, ಮಷಿನ್ ಮಾತಾಡುತ್ತಿತ್ತು. ಬೆಳಗಾವಿಯ ಆಟೋ ನಗರದಲ್ಲಿ ಅವಳ ಗಂಡ ಮುದಸ್ಸರನದು ಸೀಟ್ ಕವರ್ ಅಂಗಡಿ. ಲಾರಿ, ಟೆಂಪೊ, ಶಾಲೆಯ ಬಸ್ಸು, ಏನೇ ಬರಲಿ, ಅಳತೆ ತೆಗೆದು ಕತ್ತರಿಸುವುದು ಅವನ ಕೆಲಸ, ಹೊಲಿಯುವುದು ಇವಳ ಕೆಲಸ. ದಪ್ಪ ರೆಕ್ಸಿನ್ ಮೇಲೆ ಸೂಜಿ ದಡದಡ ಓಡತೊಡಗಿತೆಂದರೆ ಮುದಸ್ಸರ ಗಿರಾಕಿಯ ಕಡೆ ತಿರುಗಿ, "ಇವತ್ತ ರೇಟ್ ಕಡಿಮಿ ಮಾಡಂತ ಕೇಳಬ್ಯಾಡ್ರಿ" ಎಂದು ಮೆಲ್ಲಗೆ ಹೇಳುತ್ತಿದ್ದ.

ಅವಳು ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ. ಅಪ್ಪ ಯೂಸುಫ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಬೆಂಕಿ ನೋಡಿಕೊಳ್ಳುತ್ತಿದ್ದ. ಮನೆಯೊಳಗೆ ದಖ್ಖನಿ, ಹೊಸ್ತಿಲು ದಾಟಿದರೆ ಮರಾಠಿ, ಸಾಲೆಯಲ್ಲಿ ಕನ್ನಡ. ಮೂರರಲ್ಲಿ ಅವಳಿಗೆ ಅಂಟಿಕೊಂಡದ್ದು ಕನ್ನಡ. ಯಾಕೆಂದು ಅವಳಿಗೂ ಗೊತ್ತಿಲ್ಲ. ಊರಿನ ಗ್ರಂಥಾಲಯದಲ್ಲಿದ್ದ ಕಥೆಪುಸ್ತಕಗಳು ಮುಗಿದ ಮೇಲೆ ತಾನೇ ಕಟ್ಟಿ ಹೇಳತೊಡಗಿದಳು. ಕೇಳುವವಳು ಒಬ್ಬಳೇ, ಆಚೆ ಕೇರಿಯ ಮಾಯಕ್ಕ. ಇಬ್ಬರೂ ಒಂದೇ ಬೆಂಚಿನವರು. ಎಲ್ಲರ ಕಥೆ 'ಒಂದಾನೊಂದು ಕಾಲದಲ್ಲಿ' ಎಂದು ಶುರುವಾದರೆ ಇವಳದು 'ಮುಂದ ಒಂದಿನ' ಎಂದು ಶುರುವಾಗುತ್ತಿತ್ತು.

"ಹಿಂದಿಂದ ಯಾಕ ಹೇಳೂದಿಲ್ಲ ನೀ?" ಎಂದು ಮಾಯಕ್ಕ ಒಮ್ಮೆ ಕೇಳಿದಳು.

"ಹಿಂದಿನ ಕಥ್ಯಾಗ ರಾಜಾ ಇರ್ತಾನ, ರಾಣಿ ಇರ್ತಾಳ. ನಾನೂ ಇಲ್ಲ, ನೀನೂ ಇಲ್ಲ. ಮುಂದಿನದ್ರಾಗರ ಇರೂಣಲ್ಲ."

ಮಾಯಕ್ಕ ಹತ್ತನೆಯದು ಮುಗಿಸಿ, ತೀರಿಹೋದ ತಾಯಿಯ ಜಾಗದಲ್ಲಿ ಪಟ್ಟಣ ಪಂಚಾಯ್ತಿಯ ಕಸಬರಿಗೆ ಹಿಡಿದಳು. ಕರೀಮುನ್ನಿಸಾ ಮದುವೆಯಾಗಿ ಬೆಳಗಾವಿಗೆ ಬಂದಳು. ಎಷ್ಟೋ ವರ್ಷ ಕಥೆ ಎನ್ನುವುದು ಹೊಲಿಗೆಯ ಸದ್ದಿನೊಳಗೇ ಮುಳುಗಿತ್ತು. ಮಗಳು ಸನಮ ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನದ ಹೊತ್ತು ಕೈ ಬಿಡುವಾಯಿತು. ಆಗ ಬರೆಯಲು ಕೂತಳು. ಕಣಕುಂಬಿಯ ಕಾಡಿನ ಮರಗಳು ಕೋರ್ಟಿಗೆ ಬಂದು ಸಾಕ್ಷಿ ಹೇಳುವ ಕಥೆ, ಮೋಡಗಳನ್ನು ಹರಾಜಿಗೆ ಇಡುವ ಕಥೆ, ಚಂದ್ರನ ಮೇಲೆ ಊರು ಕಟ್ಟಿದಾಗ ಅಲ್ಲಿಗೂ ಊರಾಚೆಗಿನ ಕೇರಿಯೊಂದನ್ನು ಮರೆಯದೆ ಕಟ್ಟಿದವರ ಕಥೆ. ಬೆಳಗಾವಿಯಿಂದ ಹೊರಡುವ ಒಂದು ಮಾಸಪತ್ರಿಕೆಗೆ ಕಳಿಸಿದಳು. ಎಲ್ಲವೂ ತಿರುಗಿ ಬಂದವು.

ಒಂದು ದಿನ ತಾನೇ ಪತ್ರಿಕೆಯ ಕಚೇರಿಗೆ ಹೋಗಿ ಕೇಳಿದಳು. ಸಂಪಾದಕರು ಕುರ್ಚಿ ಕೊಟ್ಟು, ಚಹಾ ತರಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು. "ಭಾಷಾ ಭಾಳ ಛಂದ ಐತ್ರಿ ನಿಮ್ಮದು. ಆದ್ರ ಈ ಚಂದ್ರಲೋಕ, ಮೋಡ ಎಲ್ಲಾ ನಿಮಗ್ಯಾಕ್ರಿ? ನಿಮ್ಮ ಜನದಾಗ ಹೆಣ್ಣಮಕ್ಕಳಿಗೆ ಎಷ್ಟ್ ಕಷ್ಟ ಇರತೈತಿ! ಅದನ್ನ ಬರೀರಿ. ಕಣ್ಣೀರ ಬರೂಹಂಗ ಬರೀರಿ. ಮರುತಿಂಗಳಾನ ಹಾಕ್ತೀನಿ."

ಅವಳು ಚಹಾ ಕುಡಿಯದೆ ಎದ್ದು ಬಂದಳು. ಅಳುವುದಕ್ಕಾದರೆ ಬಾ, ಕನಸು ಕಾಣುವುದಕ್ಕಾದರೆ ಬೇಡ ಎಂದ ಹಾಗಿತ್ತು ಅದು. ಆ ವಾರ ಅಂಗಡಿಯ ಮಷಿನ್ ಸೂಜಿಗಳು ಒಂದರ ಹಿಂದೆ ಒಂದು ಮುರಿದವು.

ಆ ಕಚೇರಿಯಲ್ಲಿ ಅವಳ ಕಥೆಗಳನ್ನು ಮನಸಾರೆ ಓದಿದವಳು ಉಪಸಂಪಾದಕಿ ಸಮೃದ್ಧಿ. ಬೆಳಗಾವಿಯದೇ ಖಾಸಬಾಗದ ಹುಡುಗಿ, ಕಾಲೇಜು ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಸ್ಕೂಟಿಯ ಸೀಟು ಹರಿದಿದೆ ಎಂಬ ನೆಪ ಮಾಡಿಕೊಂಡು ಅಂಗಡಿಗೆ ಬಂದಳು. "ಅಕ್ಕಾ, ಆ ಮರಗೋಳ ಸಾಕ್ಷಿ ಕಥಿ ಓದಿ ನಾ ರಾತ್ರಿ ನಿದ್ದಿ ಮಾಡಿಲ್ಲ" ಎಂದಳು. ಆಮೇಲೆ ನೆಪವಿಲ್ಲದೆಯೂ ಬರುತ್ತಿದ್ದಳು. ಫೋಮಿನ ಸುರುಳಿಯ ಮೇಲೆ ಕೂತು, ಮುದಸ್ಸರ ತರಿಸಿದ ಬಜ್ಜಿ ತಿನ್ನುತ್ತ, ಒಂದೊಂದು ಸಾಲಿಗೂ ವಾದ ಮಾಡುತ್ತಿದ್ದಳು. ಕರೀಮುನ್ನಿಸಾಳಿಗೆ ಬೆಳಗಾವಿಯಲ್ಲಿ ಅಂಥ ಗೆಳತಿ ಬೇರೆ ಇರಲಿಲ್ಲ.

ಹೀಗಿರುವಾಗ ಮನೆಯ ಪ್ರಸಂಗ ನಡೆಯಿತು. ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಸಂಸಾರ ಸಾಕಾಗಿ, ಹೊಸ ಬಡಾವಣೆಯೊಂದರಲ್ಲಿ ಬಾಡಿಗೆ ಮನೆಗೆ ಫೋನ್ ಮಾಡಿದಳು. ಮನೆಯ ಒಡತಿ ಮಾತು ಕೇಳಿ ಖುಷಿಯಾಗಿ, "ಬರ್ರಿ, ಬರ್ರಿ, ನಿಮ್ಮಂಥಾ ಮನಿತನದವ್ರ ಬೇಕಾಗಿತ್ತು ನಮಗ" ಎಂದಳು. ಗಂಡ ಹೆಂಡತಿ ಇಬ್ಬರೂ ಹೋದರು. ಗೇಟಿನ ಒಳಗೆ ನಿಂತ ಒಡತಿ ಇವಳ ತಲೆಯ ಮೇಲಿನ ದುಪಟ್ಟಾ ನೋಡಿದಳು, ಮುದಸ್ಸರನ ಗಡ್ಡ ನೋಡಿದಳು.

"ನೀವೇನ್ರಿ ಫೋನ್ ಮಾಡಿದವ್ರು? ಎಷ್ಟ್ ಚಲೋ ಕನ್ನಡ ಮಾತಾಡ್ತೀರಿ! ನಮ್ಮವ್ರಂತ ತಿಳದಿದ್ನಿ ನೋಡ್ರಿ." ಆಮೇಲೆ ದನಿ ತಗ್ಗಿಸಿ, "ಮನಿ ನಿನ್ನೆನ ಕೊಟ್ಟಬಿಟ್ವಿರಿ" ಎಂದಳು.

'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ಅವಳ ಹೆಗಲ ಪಕ್ಕದಲ್ಲೇ ಗೇಟಿಗೆ ನೇತಾಡುತ್ತಿತ್ತು. ಮುದಸ್ಸರ ಸಲಾಂ ಮಾಡಿ ಹೊರಟೇಬಿಟ್ಟ, ಅವನಿಗೆ ರೂಢಿಯಾಗಿತ್ತು. ಗಂಡನಿಗೆ ರೂಢಿಯಾಗಿದೆ ಎನ್ನುವುದೇ ಕರೀಮುನ್ನಿಸಾಳನ್ನು ಹೆಚ್ಚು ಕೆರಳಿಸಿತು. ತನ್ನ ಕನ್ನಡ, ತಾನು ಪ್ರಾಣದಂತೆ ಹಚ್ಚಿಕೊಂಡ ಕನ್ನಡ, ಆ ಹೆಂಗಸಿಗೆ ಮೋಸವಾಗಿ ಕಂಡಿತ್ತು.

ಆ ಸಿಟ್ಟಿನಲ್ಲಿ 'ಏಳು ತಲೆಮಾರಿನ ಬಾಗಿಲು' ಬರೆದಳು. ಮುಂದೆ ಒಂದು ದಿನ ನಗರದ ಬಾಗಿಲುಗಳಿಗೆಲ್ಲ ಮೂಗು ಬಂದಿರುತ್ತದೆ. ಎದುರು ನಿಂತವರ ಉಸಿರು ಮೂಸಿ, ಅವರ ಏಳು ತಲೆಮಾರಿನವರು ಏನು ಉಂಡರು, ಯಾರಿಗೆ ಕೈ ಮುಗಿದರು, ಯಾರ ಮನೆಯ ಹೆಣ್ಣು ತಂದರು ಎಂದು ನೋಡಿ ಆಮೇಲೆ ಬಾಗಿಲು ತೆರೆಯುತ್ತದೆ, ಇಲ್ಲವೆ ತೆರೆಯುವುದಿಲ್ಲ. ಜುಬೇದಾ ಆ ಬಾಗಿಲುಗಳನ್ನು ರಿಪೇರಿ ಮಾಡುವ ಹೆಂಗಸು. ನಗರದ ಒಂದು ಬಾಗಿಲೂ ಅವಳಿಗೆ ತೆರೆಯುವುದಿಲ್ಲ. ಹೊರಗೆ ನಿಂತೇ ರಿಪೇರಿ, ಹೊರಗೆ ನಿಂತೇ ಪಗಾರ. ಕೊನೆಗೊಂದು ದಿನ ಅವಳು ಬಾಗಿಲುಗಳ ನೆನಪಿನೊಳಗೆ ಕೈ ಹಾಕಿ, ಏಳು ತಲೆಮಾರನ್ನು ಎಪ್ಪತ್ತು ಮಾಡುತ್ತಾಳೆ. ಅಷ್ಟು ಹಿಂದೆ ಹೋದರೆ ಚೊಕ್ಕವಾದವರು ಯಾರಿದ್ದಾರೆ? ಸಂಜೆ ಮನೆಗೆ ಬಂದವರಿಗೆ ಯಾರಿಗೂ ಬಾಗಿಲು ತೆರೆಯುವುದಿಲ್ಲ. ನಗರಕ್ಕೆ ನಗರವೇ ಬೀದಿಯಲ್ಲಿ ನಿಲ್ಲುತ್ತದೆ.

ಸಮೃದ್ಧಿ ಅದನ್ನು ಅಂಗಡಿಯಲ್ಲೇ ಓದಿದಳು. ಮುಗಿದ ಮೇಲೆ ಹಾಳೆಗಳನ್ನು ಜೋಡಿಸಿಕೊಂಡಳು. "ಅಕ್ಕಾ, ಇದನ್ನ ದೀಪಾವಳಿ ವಿಶೇಷಾಂಕದ ಸ್ಪರ್ಧಾಕ್ಕ ಕೊಡೂಣು. ನಾ ನೋಡ್ಕೋತೀನಿ" ಎಂದು ಬ್ಯಾಗಿಗೆ ಹಾಕಿಕೊಂಡಳು.

ಮೊದಲ ಬಹುಮಾನ ಬಂತು! ಮುದಸ್ಸರ ಅಂಗಡಿಗಳ ಸಾಲಿಗೆಲ್ಲ ಪೇಢೆ ಹಂಚಿದ. ವಿಶೇಷಾಂಕ ಬಂದ ದಿನ ಕರೀಮುನ್ನಿಸಾ ಕೈ ತೊಳೆದುಕೊಂಡು, ಹೊಲಿಗೆ ಮಷಿನ್ ಮೇಲಿನ ದಾರದ ಚೂರು ಝಾಡಿಸಿ, ಅದರ ಮೇಲೆ ಪತ್ರಿಕೆ ಹರಡಿ ಓದತೊಡಗಿದಳು. ಮೊದಲ ಸಾಲಿನಲ್ಲೇ ನಿಂತಳು. 'ಜಯಾ ಬಾಗಿಲುಗಳನ್ನು ರಿಪೇರಿ ಮಾಡುವ ಹೆಂಗಸು.'

ಜಯಾ ಯಾರು? ಅಚ್ಚಿನ ತಪ್ಪಿರಬೇಕು ಎಂದು ಮುಂದೆ ಓದಿದಳು. ಜುಬೇದಾ ಎಲ್ಲೂ ಇರಲಿಲ್ಲ. ಕೊನೆಗೆ ಬಂದಾಗ ಎಪ್ಪತ್ತು ತಲೆಮಾರೂ ಇರಲಿಲ್ಲ. ಜಯಾ ಮಳೆಯಲ್ಲಿ ನೆನೆಯುತ್ತ ಒಂದು ಬಾಗಿಲಿನ ಮುಂದೆ ಕೂತು ಜೋಗುಳ ಹಾಡುತ್ತಿದ್ದಳು. ಯಾರನ್ನೂ ಬಯ್ಯಲಿಲ್ಲ, ಏನನ್ನೂ ಮುರಿಯಲಿಲ್ಲ. ಅವಳ ತಾಳ್ಮೆಗೆ ಕರಗಿ ಬಾಗಿಲು ತಾನಾಗಿ ತೆರೆದು, 'ಬಾ ತಾಯಿ, ಒಳಗೆ ಬಾ' ಎಂದಿತು. ಕೆಳಗೆ ದಪ್ಪ ಅಕ್ಷರದಲ್ಲಿ ಕರೀಮುನ್ನಿಸಾ, ಬೆಳಗಾವಿ.

ಬಾಡಿಗೆಗೆ ಮನೆ ಕೇಳಲು ಹೋದಾಗ ಗೇಟಿನ ಹೊರಗಾದರೂ ನಿಲ್ಲಿಸಿದ್ದರು. ಇಲ್ಲಿ ತನ್ನದೇ ಕಥೆಯೊಳಗಿಂದ ತನ್ನನ್ನು ಹೊರಗೆ ಹಾಕಿ, ಬಾಗಿಲಿಗೆ ತನ್ನದೇ ಹೆಸರಿನ ಹಲಗೆ ಹೊಡೆದಿದ್ದರು.

ಪತ್ರಿಕೆ ಸುರುಳಿ ಸುತ್ತಿಕೊಂಡು ಕಚೇರಿಗೆ ಹೋದಳು. ಸಂಪಾದಕರು ಅಭಿನಂದನೆ ಹೇಳಲು ಎದ್ದರು. ಮುಖ ನೋಡಿ ಕೂತರು.

"ಜುಬೇದಾ ಎಲ್ಲಿ ಹ್ವಾದಳ್ರಿ ಸರ್?"

"ಕುಂದರ್ರಿ ಮೊದಲ. ನೋಡ್ರಿ, ಇದು ವಿಜ್ಞಾನದ ಕಥಿ. ಮುಂದಿನ ಕಾಲದ ಕಥಿ. ಅದ್ರಾಗ ಜಾತಿ ಧರ್ಮ ಯಾಕ್ರಿ? ಮುಂದ ಇವೆಲ್ಲಾ ಇರೂದಿಲ್ಲ. ಹಂಗಂತ ಎಲ್ಲಾರಿಗೂ ಹೊಂದೂ ಹೆಸರ ಇಟ್ವಿ."

"ಜಾತಿ ಧರ್ಮ ಇರೂದಿಲ್ಲ ಅಂದ್ರ ಜುಬೇದಾ ಯಾಕ ಇರಬಾರ್ದು? ಜಯಾ ಹೆಂಗ ಎಲ್ಲಾರಿಗೂ ಹೊಂದ್ತಾಳ, ಜುಬೇದಾ ಹೆಂಗ ಹೊಂದೂದಿಲ್ಲ? ನೀವು ಜಾತಿ ತಗದಿಲ್ರಿ ಸರ್. ನನ್ನ ತಗದೀರಿ."

ಸಂಪಾದಕರು ಕನ್ನಡಕ ತೆಗೆದು ಒರೆಸಿದರು. "ಊರ ಪರಿಸ್ಥಿತಿ ನಿಮಗ ಗೊತ್ತ ಐತಿ. ನಾಳೆ ಯಾರರ ಬಂದು ನಿಮ್ಮ ಅಂಗಡಿ ಮುಂದ ನಿಂತ್ರ? ನಿಮ್ಮ ಒಳ್ಳೇದಕ್ಕನ ಮಾಡಿದ್ದು. ಸಿಟ್ಟಿನ ಕೊನಿ ಓದುಗರಿಗೆ ಸೇರೂದಿಲ್ಲ. ಈಗ ನೋಡ್ರಿ, ಎಷ್ಟ್ ಮಂದಿ ಫೋನ್ ಮಾಡಿ ಕಣ್ಣಾಗ ನೀರ ಬಂತು ಅಂದ್ರು!"

"ನನ್ನ ಕೊನಿ ಮುಂದಿನ ಸಂಚಿಕ್ಯಾಗ ಹಾಕ್ರಿ. ಇದು ನಂದಲ್ಲ ಅಂತ ಬರೀರಿ."

"ಅದಾಗೂದಿಲ್ಲ. ಬಹುಮಾನ ಘೋಷಣಾ ಆಗೇತಿ."

"ಹಂಗಾರ ಆ ಕೊನಿ ಬರದವ್ರು ಯಾರು, ಅದನ್ನರ ಹೇಳ್ರಿ."

ಮೂಲೆಯ ಮೇಜಿನಿಂದ ಸಮೃದ್ಧಿ ಎದ್ದು ನಿಂತಳು. "ನಾನ ಅಕ್ಕಾ. ಸರ್ ಹೇಳಿದ್ರು. ಹಂಗ ಮಾಡದಿದ್ರ ನಿಮ್ಮ ಕಥಿ ಸ್ಪರ್ಧಾದಾಗನ ಇರ್ತಿರಲಿಲ್ಲ. ಒಮ್ಮೆ ನಿಮ್ಮ ಹೆಸರರ ಬರಲಿ ಅಂತ..."

ಕರೀಮುನ್ನಿಸಾ ಅವಳನ್ನು ನೋಡಿದಳು. ಫೋಮಿನ ಸುರುಳಿಯ ಮೇಲೆ ಕೂತು ಒಂದೊಂದು ಶಬ್ದಕ್ಕೂ ಜಗಳಾಡಿದ ಹುಡುಗಿ ಇವಳೇ. "ಹಾಡೂ ನೀನ ಬರದೇನು? ಜೋಗುಳ?"

ಸಮೃದ್ಧಿ ಹೌದೆಂದು ತಲೆಯಾಡಿಸಿದಳು.

"ಛಂದ ಐತಿ," ಎಂದಳು ಕರೀಮುನ್ನಿಸಾ. ಎರಡು ಏಟು ಕೊಟ್ಟಿದ್ದರೂ ಆ ಹುಡುಗಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮನೆಗೆ ಬಂದರೆ ಮುದಸ್ಸರನದು ಬೇರೆ ರಾಗ. "ಝಗಡಾ ನಕ್ಕೋ," ಎಂದ ಅವನು, ಜಗಳ ಬೇಡ ಎಂದು ಕೈ ಮುಗಿಯುವಂತೆ. ಹೆಸರಿನಲ್ಲೇನಿದೆ, ಬಹುಮಾನ ಕೊಟ್ಟಿದ್ದಾರೆ, ಶಾಲು ಹೊದಿಸಿಕೊಂಡು ಬಾ, ನಾಳೆ ಇದೇ ಜನ ಗಾಡಿ ತರಬೇಕು ನಮ್ಮ ಅಂಗಡಿಗೆ ಎಂದ. ಅವನ ಭಯ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚಿತು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಖಾನಾಪುರದ ಬಸ್ಸು ಹತ್ತಿದಳು.

ಮಾಯಕ್ಕ ಬೆಳಗಿನ ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಳು. ಗೆಳತಿಯನ್ನು ನೋಡಿ, "ಯಾರ ಸತ್ರ? ಮಾರಿ ನೋಡು ಹೆಂಗಾಗೇತಿ!" ಎಂದಳು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಕರೀಮುನ್ನಿಸಾ ಉಣ್ಣುತ್ತಲೇ ಎಲ್ಲ ಹೇಳಿದಳು. ಆಮೇಲೆ ತನ್ನ ಕೈಬರಹದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಎಪ್ಪತ್ತು ತಲೆಮಾರು ಬಂದಾಗ ಮಾಯಕ್ಕ ತೊಡೆ ತಟ್ಟಿಕೊಂಡು ನಕ್ಕಳು. ಕಥೆ ಮುಗಿದಾಗ ಮಾತ್ರ ಅವಳ ನಗು ನಿಂತಿತ್ತು.

"ಕರೀಮಾ, ಒಂದ ಮಾತ ಕೇಳ್ತೀನಿ, ಬ್ಯಾಸರಾಗಬ್ಯಾಡ. ಊರಿಗೆ ಊರ ಬೀದ್ಯಾಗ ಬಂದ ನಿಂತ್ರ ಅಲ್ಲೇ ಉಣ್ತಾರ, ಅಲ್ಲೇ ಉಗಳ್ತಾರ, ಅಲ್ಲೇ ಕುಂದರ್ತಾರ. ಮರುದಿನ ಆ ಬೀದಿ ಕಸಾ ಹೊಡಿಯಾಕಿ ಯಾರು? ನಿನ್ನ ಜುಬೇದಾ ಹೊಡೀತಾಳೇನು?"

ಕರೀಮುನ್ನಿಸಾ ಕೈಯ ಹಾಳೆಗಳನ್ನು ತಿರುವಿ ನೋಡಿದಳು.

"ಮುಂದಿನ ಕಥ್ಯಾಗ ನೀನೂ ಇರ್ತೀದಿ, ನಾನೂ ಇರ್ತೀನಿ ಅಂದಿದ್ದಿ. ನೀ ಅದಿ. ನಾ ಎಲ್ಲೆದೀನಿ ತೋರಸು. ಅವ್ರು ನಿನ್ನ ಹೆಸರ ತಗದ್ರು ಅಂತ ಕುದಿಯಾಕತ್ತಿ. ನನ್ನ ಹೆಸರ ಯಾರೂ ತಗದಿಲ್ಲ ಬಿಡು. ಬರದ್ರಲ್ಲ ತಗಿಯೂದು?"

ಮಾಯಕ್ಕ ಹಾಗೆ ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳ ದನಿಯಲ್ಲಿ ಇದ್ದ ಸಿಟ್ಟು ಹಳೆಯದು, ಬೂದಿಯೊಳಗೆ ಕಾವು ಆರದೆ ಉಳಿದದ್ದು. ಕರೀಮುನ್ನಿಸಾ ಎದ್ದು ಹೋಗಲಿಲ್ಲ, ವಾದಿಸಲೂ ಇಲ್ಲ. ಅದೇ ಪಡಸಾಲೆಯಲ್ಲಿ ಕೂತು ಹೊಸ ಹಾಳೆ ತೆಗೆದು ಬರೆದಳು. ಮಾಯಕ್ಕ ಒಳಗಿನಿಂದ ನಡುನಡುವೆ ಇಣುಕಿ, "ಹಂಗಲ್ಲ, ನಾವು ಕೆಲಸಾ ಬಿಟ್ರ ಮೊದಲ ನಮ್ಮ ಮ್ಯಾಲಿನ ಮುಕಾದಮ ಬರ್ತಾನ, ಬಯ್ಯಾಕ" ಎಂದು ತಿದ್ದಿದಳು. ಸಂಜೆಯ ಬಸ್ಸಿಗೆ ಹೊರಟಾಗ ಕಥೆ ಬೆಳೆದಿತ್ತು. ಹಬ್ಬದ ವಾರ ಇಬ್ಬರೂ ಸೇರಿ ಬೆಳಗಾವಿಯ ಬಹುಮಾನದ ಸಭೆಗೆ ಹೋಗುವುದೆಂದೂ ನಿಶ್ಚಯವಾಗಿತ್ತು.

ಸಭಾಗೃಹ ತುಂಬಿತ್ತು. ಮುಖ್ಯ ಅತಿಥಿಯಾಗಿ ಬಂದ ಹಿರಿಯ ವಿದ್ವಾಂಸರು ಕಥೆಯನ್ನು ಬಾಯ್ತುಂಬ ಹೊಗಳಿದರು. "ಈ ತಾಯಿ ಬಾಗಿಲು ಒಡೆಯಲಿಲ್ಲ, ಕಾದಳು. ಸಿಟ್ಟಿಲ್ಲದ ಬರಹ ಇದು. ಇಂಥ ಬರಹ ಇವತ್ತಿನ ಅಗತ್ಯ" ಎಂದರು. ಚಪ್ಪಾಳೆ ಬಿತ್ತು. ಶಾಲು ಹೊದಿಸಲು ಕರೆದಾಗ ಕರೀಮುನ್ನಿಸಾ ವೇದಿಕೆ ಹತ್ತಿ, ಶಾಲಿಗೆ ಹೆಗಲು ಕೊಡದೆ ಮೈಕಿನ ಮುಂದೆ ಹೋಗಿ ನಿಂತಳು.

"ದೊಡ್ಡವರು ಹೊಗಳಿದ ಕೊನಿ ನಾ ಬರದದ್ದಲ್ಲ. ಅದನ್ನ ಬರದಾಕಿ ಅಲ್ಲೇ ಗ್ವಾಡಿ ಬಾಜು ನಿಂತಾಳ. ಸಮೃದ್ಧಿ, ಬಾ ಮ್ಯಾಲ. ಈ ಶಾಲು ನಿಂದು."

ಎಲ್ಲರ ತಲೆ ಹಿಂದೆ ತಿರುಗಿತು. ಸಮೃದ್ಧಿ ನಿಂತಲ್ಲೇ ಕುಗ್ಗಿಹೋದಳು. ಈ ಕ್ಷಣವನ್ನು ಕರೀಮುನ್ನಿಸಾ ವಾರಗಟ್ಟಲೆ ಮನಸ್ಸಿನಲ್ಲಿ ಹೊಲಿದು ಇಟ್ಟುಕೊಂಡಿದ್ದಳು. ಆದರೆ ಬಾಯಿಂದ ಹೊರಬಿದ್ದ ಮೇಲೆ ಅದು ಅಂದುಕೊಂಡಷ್ಟು ಸಿಹಿಯಾಗಿರಲಿಲ್ಲ. ಅಷ್ಟರಲ್ಲಿ ಸಂಪಾದಕರು ಇನ್ನೊಂದು ಮೈಕು ಹಿಡಿದು, ನಗುನಗುತ್ತಲೇ, "ನಮ್ಮ ಉಪಸಂಪಾದಕಿ ಇನ್ನೂ ಹೊಸಬಳು, ಉತ್ಸಾಹದೊಳಗ ಪ್ರಮಾದ ಆಗೇತಿ, ಎಲ್ಲಾರೂ ಕ್ಷಮಿಸಬೇಕು" ಎಂದರು.

ಆಗ ಬಂದದ್ದು ನಿಜವಾದ ಸಿಟ್ಟು. ಬರೆಸಿದವನು ಸಭ್ಯನಾಗಿ ಕೂತಿದ್ದ, ಬರೆದವಳು ಕಳ್ಳಿಯಾಗಿ ನಿಂತಿದ್ದಳು, ಅವಳನ್ನು ಹಾಗೆ ನಿಲ್ಲಿಸಿದವಳು ತಾನೇ!

"ಹುಡುಗಿ ಮ್ಯಾಲ ಹಾಕಬ್ಯಾಡ್ರಿ ಸರ್!" ಅವಳ ದನಿಗೆ ಮೈಕು ಕಿರುಚಿತು. "ಆಕೀ ಕೈ ಬರದೈತಿ, ಬಾಯಿ ನಿಮ್ಮದು. ನನಗ ಕುರ್ಚಿ ಕೊಟ್ಟು ಚಹಾ ಕೊಟ್ಟು ಅಳು ಅಂದ್ರಿ. ನಾ ಅಳಲಿಲ್ಲಂತ ನನ್ನ ಹೆಸರಿಲೆ ಬ್ಯಾರೇದಾಕೀನ ಅಳಿಸಿದ್ರಿ. ನಮಗ ಮನಿ ಕೊಡೂದಿಲ್ಲ, ಸೈ. ಮುಂದಿನ ಸಾವಿರ ವರ್ಷನೂ ನೀವ ಇಟ್ಕೋಬೇಕೇನು? ಅಲ್ಲೂ ನಮಗ ಜಾಗಾ ಇಲ್ಲೇನು?"

ನಿರೂಪಕ ಅವಸರದಿಂದ ವಂದನಾರ್ಪಣೆ ಶುರುಮಾಡಿಬಿಟ್ಟ. ಹಿಂದಿನ ಅಂಗಳದಲ್ಲಿ ಊಟದ ಬುಟ್ಟಿಗಳು ತೆರೆದಿದ್ದವು. ಸಾರಿನ ವಾಸನೆ ಒಳಗೆ ಬರುತ್ತಿದ್ದಂತೆ ಜನ ಎದ್ದರು. ಹೆಸರಾಂತ ವಿದ್ವಾಂಸರೂ ಎದ್ದರು. ಅವಳ ಮೈಕು ಸತ್ತುಹೋಯಿತು. ಕರೀಮುನ್ನಿಸಾ ವೇದಿಕೆಯಿಂದ ಇಳಿದು, ಮೊದಲ ಸಾಲಿನಲ್ಲಿ ಅಲ್ಲಾಡದೆ ಕೂತಿದ್ದ ಮಾಯಕ್ಕನ ಎದುರು ನಿಂತು, ತನ್ನ ಕೊನೆಯನ್ನು ಓದತೊಡಗಿದಳು. ಖಾಲಿ ಕುರ್ಚಿಗಳ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಉಳಿದರು. ಕೆಲವರು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

ಅವಳು ಓದಿದ್ದು ಇಷ್ಟು. ನಗರವೆಲ್ಲ ಬೀದಿಯಲ್ಲಿ ನಿಂತ ಮರುದಿನ ಬೆಳಿಗ್ಗೆ, ಆ ಬೀದಿಯನ್ನು ದಿನವೂ ಗುಡಿಸುವ ಹೆಂಗಸು ಬರುತ್ತಾಳೆ. ಅವಳನ್ನು ಯಾವ ಬಾಗಿಲೂ ಎಂದೂ ಮೂಸಿ ನೋಡುವ ಗೊಡವೆಗೇ ಹೋಗಿರಲಿಲ್ಲ. ಮುಕಾದಮ ಕೂಗಾಡುತ್ತಾನೆ. ಅವಳು ಕಸಬರಿಗೆಯನ್ನು ಅವನ ಕೈಗೆ ಕೊಟ್ಟು, ಬೀದಿಯ ನಟ್ಟನಡುವೆ ಕೂತುಕೊಂಡು, ಬುತ್ತಿ ಬಿಚ್ಚುತ್ತಾಳೆ. ಜುಬೇದಾ ಹೋಗಿ ಅವಳ ಪಕ್ಕದಲ್ಲಿ ಕೂರುತ್ತಾಳೆ. ಕಸ ಹಾಗೇ ಬಿದ್ದಿರುತ್ತದೆ. ಯಾರು ಮೊದಲು ಬಾಗುತ್ತಾರೆ ಎಂದು ಇಡೀ ನಗರ ಒಬ್ಬರ ಮುಖ ಒಬ್ಬರು ನೋಡುತ್ತದೆ.

"ನಾ ಎದ್ದ ಕಸಾ ಹೊಡೀತೀನಂತ ಬರೀಲಿಲ್ಲಲ್ಲ, ಚಲೋ ಆತು" ಎಂದಳು ಮಾಯಕ್ಕ. ಇಬ್ಬರೂ ಊಟ ಮಾಡದೆ ಹೊರಟರು.

ಪತ್ರಿಕೆ ತಪ್ಪೊಪ್ಪಿಗೆ ಹಾಕಲಿಲ್ಲ; 'ಸಭೆಯಲ್ಲಿ ಗದ್ದಲ' ಎಂದು ಮಾತ್ರ ಎಲ್ಲೋ ಸಣ್ಣ ಸುದ್ದಿ ಬಂತು. ಶಾಲಾ ಬಸ್ಸುಗಳ ಮಾಲೀಕನೊಬ್ಬ ತನ್ನ ಗಾಡಿಗಳನ್ನು ಬೇರೆ ಅಂಗಡಿಗೆ ಒಯ್ದ. ನಾಲ್ಕು ದಿನದ ಮೇಲೆ ಮುದಸ್ಸರ ಅಂಗಡಿಯ ಶಟರ್ ಅರ್ಧ ಇಳಿಸಿ ಬಂದು, ಆ ಕಥೆಯಲ್ಲಿ ಅಂಥಾದ್ದೇನಿದೆ, ಓದು ಎಂದ. ಅವನಿಗೆ ಕನ್ನಡ ಓದಲು ಬಾರದು. ಎಪ್ಪತ್ತು ತಲೆಮಾರಿನ ಜಾಗಕ್ಕೆ ಬಂದಾಗ ತಡೆದು, "ಮೇರೆಕು ಬೀ ನೈ ಖುಲ್ತಾ ಕ್ಯಾ?" ಎಂದು ಕೇಳಿದ, ನನಗೂ ತೆರೆಯುವುದಿಲ್ಲವೇ ಎಂದು. "ನಿನಗೂ ಇಲ್ಲ, ನಿಮ್ಮ ಅಬ್ಬಾಗೂ ಇಲ್ಲ" ಎಂದಳು. ಅವನು ಬಹಳ ಹೊತ್ತು ನಕ್ಕ. ನಗು ನಿಂತ ಮೇಲೆ, "ಆ ಮನಿ ಕೊಡದ ಬಂಗಲೇವಾಲಿಗೆ ಒಂದ್ ಕಾಪಿ ಕಳಸು" ಎಂದು ಕನ್ನಡದಲ್ಲೇ ಹೇಳಿದ. ಅಂದು ಗೇಟಿನ ಮುಂದೆ ಅವನಿಗೂ ಉರಿದಿತ್ತು ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಸಮೃದ್ಧಿ ಕೆಲಸ ಬಿಟ್ಟಳು. ಖಾಸಬಾಗದ ಮನೆಯಲ್ಲಿ ಅದಕ್ಕಾಗಿ ದೊಡ್ಡ ರಂಪವೇ ಆಯಿತಂತೆ. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ಕರೀಮುನ್ನಿಸಾ ಮಷಿನ್ ನಿಲ್ಲಿಸಲಿಲ್ಲ, ಕೂರು ಎನ್ನಲೂ ಇಲ್ಲ.

"ಎಲ್ಲಾರ ಮುಂದ ನನ್ನ ಹೆಸರ ಕೂಗಿದ್ರಿ ಅಕ್ಕಾ," ಎಂದಳು ಸಮೃದ್ಧಿ.

"ಕೂಗಿದ್ನಿ. ಅದು ನನ್ನ ತಪ್ಪ. ನೀ ಮಾಡಿದ್ದು ಅದಕ್ಕಿಂತ ದೊಡ್ಡದು. ಎರಡೂ ಹಂಗ ಇರಲಿ."

"ಕ್ಷಮಾ ಕೇಳಾಕ ಬಂದೇನಿ."

"ಕೇಳು. ಕೊಡಾಕ ಇನ್ನೂ ಆಗವಲ್ದು ನನಗ."

ಸಮೃದ್ಧಿ ಹೋಗಲಿಲ್ಲ. ನಿಂತೇ ಇದ್ದು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಳು. ಎಲ್ಲ ಕಥೆ ಟೈಪ್ ಮಾಡಿ ಪುಸ್ತಕ ಮಾಡೋಣ, ಒಂದು ಅಕ್ಷರ ಮುಟ್ಟುವುದಿಲ್ಲ ಎಂದಳು.

ಮಷಿನ್ ನಿಂತಿತು. "ಮುಟ್ಟೂದಿಲ್ಲ ಅಂದ್ರ ನೀ ಯಾಕ ಬೇಕು ನನಗ? ಜಗಳಾ ಆಡು. ನನ್ನ ಮುಂದ ಕುಂತು ಆಡು, ಹಿಂದ ಅಲ್ಲ," ಎಂದಳು ಕರೀಮುನ್ನಿಸಾ. ಅವಳ ದನಿ ಸ್ವಲ್ಪವೂ ಮೆತ್ತಗಾಗಿರಲಿಲ್ಲ.

ಈಗ ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಪುಸ್ತಕದ ಕೆಲಸ ನಡೆಯುತ್ತದೆ. ರಜೆ ಸಿಕ್ಕಾಗ ಮಾಯಕ್ಕ ಖಾನಾಪುರದಿಂದ ಬಂದು, ಕಾಲು ಚಾಚಿ ಕೂತು, ಕೇಳುತ್ತಾಳೆ. ಹೋದ ವಾರ ಚಂದ್ರನ ಮೇಲಿನ ಕೇರಿಯ ಕಥೆ ಓದುವಾಗ ಮೂವರಿಗೂ ಜೋರು ಜಗಳವಾಗಿ, ಆಚೆ ಗ್ಯಾರೇಜಿನವರು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಇಣುಕಿ ನೋಡಿದರು. ಆ ಕೇರಿಯವರು ಭೂಮಿಗೆ ತಿರುಗಿ ಬರಬೇಕೋ, ಚಂದ್ರನನ್ನೇ ವಶ ಮಾಡಿಕೊಳ್ಳಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.